ಸತ್ಯಾಂಶ: ತೀರಿಕೊಂಡ ಮಗುವಿನ ಜೊತೆ ಹೊತ್ತು ಕಳೆಯುವುದು ಅಪಾಯಕಾರಿಯೇ?

‘ಮಗುವನ್ನು ಕಳೆದುಕೊಂಡವರಿಗಾಗಿ ಆಸ್ಪತ್ರೆಯಲ್ಲಿರುವ ಪ್ರತ್ಯೇಕ ಕೋಣೆಯಲ್ಲಿ ಹೆಚ್ಚು ಹೊತ್ತು ಇರಬೇಡಿ, ಮೃತದೇಹದಿಂದ ಸೋಂಕು ತಗಲುತ್ತದೆ, ಮಗುವಿನ ಮುಖ ನೋಡಿದ ತಾಯಿ ಎಂದಿಗೂ ಚೇತರಿಸಿಕೊಳ್ಳುವುದಿಲ್ಲ’ ಎಂಬ ಸಂದೇಶ ಮೊಬೈಲುಗಳಲ್ಲಿ ಹರಿದಾಡುತ್ತಿದೆ.

ಸೋಂಕಿನ ಮಾತು ಬೇಗ ಮುಗಿಯುವಂಥದ್ದು. ಎಬೋಲಾ, ಕಾಲರಾಗಳಂತಹ ಕೆಲವು ರೋಗಗಳನ್ನು ಬಿಟ್ಟರೆ ಮೃತದೇಹದಿಂದ ರೋಗ ಹರಡುವ ಸಾಧ್ಯತೆ ತೀರಾ ಕಡಿಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಎರಡನೆಯ ಮಾತಿಗೆ ಒಂದು ಹಿನ್ನೆಲೆಯಿದೆ. ಹೊಟ್ಟೆಯಲ್ಲೇ ಮಗು ತೀರಿಕೊಂಡ ಬಳಿಕ ಮತ್ತೆ ಗರ್ಭಿಣಿಯರಾಗಿದ್ದ 65 ಮಹಿಳೆಯರನ್ನು ಕುರಿತು 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಆ ಮಗುವನ್ನು ಎತ್ತಿಕೊಂಡಿದ್ದವರಲ್ಲಿ ಖಿನ್ನತೆ ಹೆಚ್ಚಾಗಿತ್ತು ಎಂದಿತ್ತು. ಇಷ್ಟು ಚಿಕ್ಕ ಗುಂಪಿನಲ್ಲಿ ಕಂಡದ್ದನ್ನು ಎಲ್ಲ ತಾಯಂದಿರಿಗೂ ಅನ್ವಯಿಸುವುದು ಸರಿಯಲ್ಲ; ಮುಂದಿನ ಅಧ್ಯಯನಗಳಲ್ಲಿ, ಮಗುವನ್ನು ಕಂಡ ಹೆತ್ತವರಲ್ಲಿ ಹೆಚ್ಚಿನವರು ಅದಕ್ಕಾಗಿ ಪಶ್ಚಾತ್ತಾಪಪಟ್ಟಿಲ್ಲ, ನೋಡದೇ ಹೋದ ಕೊರಗನ್ನು ಹೇಳಿಕೊಂಡವರೂ ಇದ್ದಾರೆ. ಆದ್ದರಿಂದಲೇ ಈಗಿನ ಆರೈಕೆಯಲ್ಲಿ ನೋಡುವಂತೆ ಒತ್ತಾಯಿಸುವುದೂ ಇಲ್ಲ, ನೋಡದಂತೆ ತಡೆಯುವುದೂ ಇಲ್ಲ.

ಇಂತಹ ಕೋಣೆಯನ್ನು ಸಾಧ್ಯವಾದಲ್ಲಿ ಹೆರಿಗೆ ವಾರ್ಡಿನಿಂದ ದೂರ, ಬೇರೆ ಶಿಶುಗಳ ಅಳು ಕೇಳಿಸದ ಕಡೆ ಮಾಡಿರುತ್ತಾರೆ. ಈ ಒಂದು ವಿವರವೇ ಅದನ್ನು ಐಷಾರಾಮವೆನ್ನುವವರಿಗೆ ಉತ್ತರವಾಗಬೇಕು. ಕೆಲವೆಡೆ ತಂಪು ನೀರು ಹರಿಯುವ ಹಾಸುಳ್ಳ ತೊಟ್ಟಿಲಿರುವುದರಿಂದ ದೇಹವನ್ನು ತಕ್ಷಣ ಶವಾಗಾರಕ್ಕೆ ಸಾಗಿಸಬೇಕಿಲ್ಲ. ಮಗುವಿನ ಪಾದದ ಅಚ್ಚು, ಒಂದು ಎಳೆ ಕೂದಲು, ಫೋಟೋ ಇವುಗಳನ್ನು ತೆಗೆದಿಡಲು ಸಿಬ್ಬಂದಿ ನೆರವಾಗುತ್ತಾರೆ. ಅಂದು ಬೇಡವೆಂದ ಹೆತ್ತವರು ತಿಂಗಳುಗಳ ನಂತರ ಕೇಳಿಕೊಂಡು ಬರುವುದೂ ಉಂಟು.