ಹಪ್ಪಳದ ಪರಿಮಳದ ಸೋಪು

ಕಾಸರಗೋಡಿನ ಬದಿಯಡ್ಕದ ಕಡೆಯವರು ನಾವು. ಇಲ್ಲಿ ಥ್ಯಾಂಕ್ಸ್ ಹೇಳುವ ರೂಢಿ ಕಮ್ಮಿ. ಅದರ ಕೆಲಸವನ್ನು ಪಾತ್ರೆ ಮಾಡುತ್ತದೆ. ಆಚೆಮನೆಯ ಅಕ್ಕ ಪಾಯಸ ಕೊಟ್ಟ ಪಾತ್ರೆ ಖಾಲಿ ವಾಪಸ್ ಹೋಗಬಾರದು. ನಾಲ್ಕು ತೊಂಡೆಕಾಯಿ, ಅದೂ ಇಲ್ಲದಿದ್ದರೆ ಒಂದು ಹಿಡಿ ಕರಿಬೇವು.

ಆದರೆ ಈ ಸಲ ಅಕ್ಕ ಎರಡು ದಿನ ನಮ್ಮಲ್ಲೇ ಕೂತು ಹಲಸಿನ ಹಪ್ಪಳ ಒತ್ತಿಕೊಟ್ಟಿದ್ದರು. ಅದು ತೊಂಡೆಕಾಯಿಯಲ್ಲಿ ತೀರುವ ಸಾಲವಾ? ಹಪ್ಪಳ, ಸೋಂಟೆ (ಹಲಸಿನ ಚಿಪ್ಸ್) ಕರಿದು ಉಳಿದ ತೆಂಗಿನೆಣ್ಣೆ ಒಂದು ಕಿಲೋದಷ್ಟಿತ್ತು. ಈಗಿನ ರೇಟಿಗೆ ಚೆಲ್ಲಲು ಮನಸ್ಸು ಬರಲಿಲ್ಲ. ಬಟ್ಟೆ ಸೋಪು ಮಾಡಿ ಅಕ್ಕನಿಗೂ ಕೊಡೋಣ ಅಂತ ಹೊರಟೆ.

ಲೆಕ್ಕ ಸುಲಭ. ಕಿಲೋ ಎಣ್ಣೆಗೆ ಸುಮಾರು 180 ಗ್ರಾಂ ಕಾಸ್ಟಿಕ್ ಸೋಡಾ, 350 ಗ್ರಾಂ ನೀರು. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾದ ಮೇಲೆ ಹೊಯ್ದರೆ ಸಿಡಿಯುತ್ತದೆ. ಎಲ್ಲ ಬಾಯಿಪಾಠ ಮಾಡಿದ್ದೆ. ಕೈಗೆ ಗ್ಲೌಸ್, ಕಣ್ಣಿಗೆ ಅಡಿಕೆಗೆ ಮದ್ದು ಬಿಡುವಾಗ ಇವರು ಹಾಕುವ ಕನ್ನಡಕ. ಪಾತ್ರೆಯ ಬಗ್ಗೆ ಮಾತ್ರ ಯೋಚಿಸಲಿಲ್ಲ. ಹಿತ್ತಲಲ್ಲಿ ಕೈಗೆ ಸಿಕ್ಕಿದ್ದು ಅತ್ತೆಯ ಅಲ್ಯುಮಿನಿಯಂ ಪಾತ್ರೆ.

ಸೋಡಾ ಅಲ್ಯುಮಿನಿಯಂ ಅನ್ನೇ ತಿನ್ನತೊಡಗಿ ಬುಸ್ಸೆಂದು ನೊರೆ ಎದ್ದಿತು. ಪ್ಲಸ್ ಟು ಓದುವ ಮಗಳು ಜಗಲಿಯಿಂದಲೇ ಕೂಗಿದಳು, "ಅಮ್ಮಾ, ಹೈಡ್ರೋಜನ್! ಬಚ್ಚಲೊಲೆಯಲ್ಲಿ ಬೆಂಕಿ ಉಂಟಾ?" ಬೆಂಕಿ ಇರಲಿಲ್ಲ, ಪುಣ್ಯ. ಎಲ್ಲ ತಣ್ಣಗಾದ ಮೇಲೆ ಅತ್ತೆ ಬಂದು ಕಪ್ಪಾದ ಪಾತ್ರೆ ನೋಡಿ ಒಂದೇ ಮಾತು ಕೇಳಿದರು, "ಇದರಲ್ಲಿ ಇನ್ನು ಅನ್ನ ಮಾಡುವುದುಂಟಾ?" ಈಗ ಅದರಲ್ಲಿ ಕನಕಾಂಬರ ಇದೆ.

ಮರುದಿನ ಸ್ಟೀಲ್ ಪಾತ್ರೆ. ಎಣ್ಣೆಯನ್ನು ಹಳೇ ಬೈರಾಸಿನಲ್ಲಿ ಸೋಸಿ, ಮಜ್ಜಿಗೆ ಕಡೆಯುವ ಮಂತಿನಲ್ಲಿ ಕಡೆದೆ. (ಹೊಸ ಮಂತು ತರಬೇಕಾಯಿತು, ಅದು ಬೇರೆ ಕಥೆ.) ನೀರುದೋಸೆ ಹಿಟ್ಟಿನಂತಿದ್ದದ್ದು ಇಡ್ಲಿ ಹಿಟ್ಟಿನಂತಾದಾಗ ನನಗೊಂದು ಬುದ್ಧಿ ಹೊಳೆಯಿತು. ತೆಂಗಿನೆಣ್ಣೆಯ ಸೋಪಿಗೆ ತೆಂಗಿನ ಗೆರಟೆಯೇ ಅಚ್ಚು! ನೋಡಲು ಚಂದವೇ. ಆದರೆ ಗೆರಟೆಯಾಕಾರದ ಸೋಪು ಒಗೆಯುವ ಕಲ್ಲಿನ ಮೇಲೆ ನಿಲ್ಲಬೇಕಲ್ಲ? ಕೈಬಿಟ್ಟ ಕೂಡಲೇ ಉರುಳಿ ತೋಡಿನ ದಾರಿ ಹಿಡಿಯುತ್ತದೆ. ಎರಡು ಹಾಗೇ ಹೋದವು.

ಅದಕ್ಕೂ ಮೊದಲು ನಾಲ್ಕು ವಾರ ಅಟ್ಟದಲ್ಲಿ ಒಣಗಲು ಇಟ್ಟಿದ್ದೆ. ಆಟಿಯ ಮಳೆಯಲ್ಲಿ ಒಣಗುವುದೆಂದರೇನು? ಸೋಪಿನಲ್ಲಿರುವ ಗ್ಲಿಸರಿನ್ ಗಾಳಿಯ ತೇವವನ್ನೆಲ್ಲ ಎಳೆದುಕೊಂಡಿತು. ಹತ್ತಿ ನೋಡಿದರೆ ಒಂದೊಂದು ಸೋಪಿನ ಮೈಮೇಲೂ ಬೆವರಹನಿ, ಅಟ್ಟ ಹತ್ತಿದ ನನಗಿಂತ ಜಾಸ್ತಿ.

ನೊರೆ ಮಾತ್ರ ಸುಳ್ಳು ಹೇಳಬಾರದು, ಭರ್ಜರಿ. ಕಾಲರಿನ ಕೊಳೆ ಹೋಯಿತು. ಅಡಿಕೆಯ ಚೊಗರು ಹೋಗಲಿಲ್ಲ, ಅದು ಯಾರ ಮಾತೂ ಕೇಳುವುದಿಲ್ಲ ಬಿಡಿ. ಪರಿಮಳ? ಕುಂಬಳೆ ಬಸ್ಸಿನಲ್ಲಿ ಇವರ ಪಕ್ಕ ಕೂತವರು ಎರಡು ಸಲ ಮೂಸಿ, "ಎಲ್ಲೋ ಹಪ್ಪಳ ಕರಿಯುತ್ತಿದ್ದಾರೆ ಅಲ್ವಾ?" ಅಂದರಂತೆ. ಇವರು ಕಿಟಕಿಯಾಚೆ ನೋಡಿದರಂತೆ.

ಆದರೂ ಅಕ್ಕನಿಗೆ ನಮ್ಮ ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಸೋಪು ಕೊಟ್ಟೆ. "ಲಾಯ್ಕ ಉಂಟು ಮಾರಾಯ್ತಿ" ಅಂದರು. ಒಂದು ವಾರ ಬಿಟ್ಟು ತಟ್ಟೆ ವಾಪಸ್ ಬಂತು. ಖಾಲಿ ಬರಲಿಲ್ಲ. ಎರಡು ಮುಳ್ಳುಸೌತೆ, ಅದರ ಕೆಳಗೆ ಕವರು ಒಡೆಯದ ಅಂಗಡಿ ಸೋಪು.

"ಸುಮ್ನೆ, ಇರ್ಲಿ ಅಂತ" ಅಂದರು ಅಕ್ಕ.