ಇವನಿಗೆ ಡ್ಯೂಟಿ ಇಲ್ಲವಾ?

ಈ ಮಳೆಗಾಲದಲ್ಲಿ ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಕರೆಂಟು ಹೋಗಿ ನಾಲ್ಕು ದಿನ ಬಾರದೆ ಇದ್ದಾಗ, ಬೆಂಗಳೂರಿನಿಂದ ತರಿಸಿಟ್ಟಿದ್ದ ಮೂರು ಹೊಸ ಕನ್ನಡ ಕಾದಂಬರಿಗಳನ್ನು ಒಂದರ ಹಿಂದೊಂದರಂತೆ ಓದಿ ಮುಗಿಸಿದೆ. ಒಂದು ಸೇನೆಯ ಥ್ರಿಲ್ಲರ್, ಒಂದು ಪ್ರೇಮಕಥೆ, ಇನ್ನೊಂದು ವೈಜ್ಞಾನಿಕ ಕಾದಂಬರಿ. ಚೊಚ್ಚಲ ಪುಸ್ತಕ ಬರೆದ ಲೇಖಕರನ್ನು ಫೇಸ್‌ಬುಕ್ಕಿನಲ್ಲಿ ಎಳೆದಾಡುವುದು ನನಗೆ ಇಷ್ಟವಿಲ್ಲವಾದ್ದರಿಂದ ಹೆಸರುಗಳನ್ನು ಹೇಳುವುದಿಲ್ಲ. ಥ್ರಿಲ್ಲರನ್ನು ಅಪ್ಪನಿಗಾಗಿ ಗಟ್ಟಿಯಾಗಿ ಓದುತ್ತಿದ್ದೆ. ಅವರು ಸೇನೆಯಲ್ಲಿ ಸ್ಟೋರು ನೋಡಿಕೊಂಡು ಹವಾಲ್ದಾರರಾಗಿ ನಿವೃತ್ತರಾದವರು. ಈಗ ಕಣ್ಣು ಮಂಜು. ನೂರು ಪುಟ ಸುಮ್ಮನೆ ಕೇಳಿಸಿಕೊಂಡ ಮೇಲೆ, “ಅಲ್ಲಮ್ಮಾ, ಇವನಿಗೆ ಡ್ಯೂಟಿ ಇಲ್ಲವಾ?” ಎಂದರು.

ಆ ಪ್ರಶ್ನೆ ಉಳಿದೆರಡು ಪುಸ್ತಕಗಳಿಗೂ ಸರಿಯಾಗಿ ಹೊಂದಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಜನಪ್ರಿಯ ಕಾದಂಬರಿಯೆಂದರೆ ಮೂಗು ಮುರಿಯುವವಳು ನಾನಲ್ಲ, ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದಿ ಬೆಳೆದವಳು. ಹೊಸಬರ ಕಲ್ಪನೆಯ ಬಗ್ಗೆಯೂ ನನ್ನ ತಕರಾರಿಲ್ಲ, ಅದು ಧಾರಾಳವಾಗಿದೆ. ಆದರೆ ಈ ಕಾದಂಬರಿಗಳಲ್ಲಿ ಯಾರೂ ತಮ್ಮ ಕೆಲಸ ಮಾಡುವುದಿಲ್ಲ. ಸೈನಿಕ ವರದಿ ಬರೆಯುವುದಿಲ್ಲ, ತೋಟದ ಯಜಮಾನನಿಗೆ ವಾರದ ಬಟವಾಡೆಯ ಚಿಂತೆಯಿಲ್ಲ, ವಿಜ್ಞಾನಿ ಯಾವ ಪಾಳಿಗೂ ಹಾಜರಾಗುವುದಿಲ್ಲ.

ಥ್ರಿಲ್ಲರಿನ ಕಥಾನಾಯಕ ಇಪ್ಪತ್ನಾಲ್ಕನೇ ವಯಸ್ಸಿಗೆ ಮೇಜರ್ ಆಗಿ ಇಡೀ ಬೆಟಾಲಿಯನ್ನನ್ನು ನಡೆಸುತ್ತಾನೆ. ಅದು ಕರ್ನಲ್ ಹುದ್ದೆಯವರ ಕೆಲಸವೆಂಬುದು ಕೊಡಗಿನ ಹೈಸ್ಕೂಲು ಹುಡುಗರಿಗೂ ಗೊತ್ತು. ತಂದೆಯ ವಯಸ್ಸಿನ ಸುಬೇದಾರರನ್ನು ಅವನು ಏಕವಚನದಲ್ಲಿ ಗದರುವ ಪುಟ ಬಂದಾಗ ಅಪ್ಪ ಎದ್ದು ಹೊರಗೆ ಹೋದರು; ಸೇನೆಯಲ್ಲಿ ಅಧಿಕಾರಿಗಳೇ ಸುಬೇದಾರರನ್ನು ‘ಸಾಹೇಬ್’ ಎಂದು ಕರೆಯುವುದು ವಾಡಿಕೆ. ಇಂಥವನ್ನು ಸಣ್ಣ ತಪ್ಪೆಂದು ಬಿಡಬಹುದಿತ್ತು, ಆದರೆ ಮಡಿಕೇರಿಯ ‘ಸನ್ನಿಸೈಡ್’ ಮನೆಗೆ ಒಮ್ಮೆ ಹೋಗಿ ಬಂದವರಿಗೆ ಬಿಡಲು ಮನಸ್ಸಾಗುವುದಿಲ್ಲ. ಜನರಲ್ ತಿಮ್ಮಯ್ಯನವರ ಆ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಮೇಲಿರುವ ಜೋಜಿಲಾ ಕಣಿವೆಯಲ್ಲಿ ಅವರು ಶತ್ರುವಿನ ಮುಂದೆ ಸ್ಟುವರ್ಟ್ ಟ್ಯಾಂಕುಗಳನ್ನು ತಂದು ನಿಲ್ಲಿಸಿದ ಕಥೆ ಎಲ್ಲರಿಗೂ ಗೊತ್ತು. ಆ ಬೆಳಗ್ಗೆಗಿಂತ ಅದರ ಹಿಂದಿನ ವಾರಗಳೇ ನನಗೆ ಹೆಚ್ಚು ರೋಚಕ: ಟ್ಯಾಂಕುಗಳ ಗುರುತು ಸಿಗಬಾರದೆಂದು ಮೇಲಿನ ತಿರುಗುಗೋಪುರಗಳನ್ನು ಬಿಚ್ಚಿ ಬೇರೆಯಾಗಿ ಸಾಗಿಸಿದ್ದು, ಅಷ್ಟು ಭಾರ ತಾಳುವಂತೆ ಸೇತುವೆಗಳನ್ನು ಬಲಪಡಿಸಿದ್ದು, ಹೇಸರಗತ್ತೆ ನಡೆಯುವ ದಾರಿಯನ್ನು ಸೇನೆಯ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರು ಅಗೆದು ಅಗಲ ಮಾಡಿದ್ದು, ಎಲ್ಲ ಸಿದ್ಧವಾದ ಮೇಲೆ ಹಿಮ ಬಿದ್ದು ದಾಳಿಯನ್ನು ಮುಂದಕ್ಕೆ ಹಾಕಬೇಕಾಗಿ ಬಂದದ್ದು. ಬೋಲ್ಟು, ಹಾರೆ, ಗುದ್ದಲಿಗಳಲ್ಲೇ ಇಷ್ಟು ಎದೆಬಡಿತ ಇರುವಾಗ, ನಮ್ಮ ಲೇಖಕರು ಮೂರು ಪುಟಕ್ಕೊಂದು ಸ್ಫೋಟವನ್ನು ಏಕೆ ಇಡುತ್ತಾರೋ ತಿಳಿಯದು.

ಪ್ರೇಮಕಥೆಯಂತೂ ನಮ್ಮ ಜಿಲ್ಲೆಯಲ್ಲೇ ನಡೆಯುತ್ತದೆ, ಅಂದರೆ ಮಂಜು, ಬೈಕು, ಹೋಂಸ್ಟೇ, ಅವುಗಳ ನಡುವೆ ಒಬ್ಬ ಸಿರಿವಂತ ಪ್ಲಾಂಟರ್. ಜುಲೈ ತಿಂಗಳ ಜಡಿಮಳೆಯಲ್ಲಿ ನಾಯಕಿ ಬೆಳ್ಳಗೆ ಹೂಬಿಟ್ಟ ಕಾಫಿ ತೋಟದಲ್ಲಿ ಅವನ ಕೈಹಿಡಿದು ನಡೆಯುತ್ತಾಳೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಹೂಮಳೆಗೆ ಬಿಡುವ ಹೂವು ಅದು. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳಿ, ಮಲ್ಲಿಗೆಯಂಥ ಪರಿಮಳ ಬೀರಿ, ಮೂರು ನಾಲ್ಕು ದಿನದಲ್ಲಿ ಕಂದಿಹೋಗುತ್ತದೆ. ಲೇಖಕರು ತೋಟದ ಆಳುಗಳಿರುವ ಯಾವುದೇ ಲೈನ್ ಮನೆಯ ಬಾಗಿಲು ತಟ್ಟಿ ಕೇಳಿದ್ದರೂ ಇದನ್ನು ಹೇಳುತ್ತಿದ್ದರು. ಕೇಳಿದ್ದರೆ ಅವರಿಗೆ ಒಳ್ಳೆಯ ಕಥೆಯೂ ಸಿಗುತ್ತಿತ್ತು. ರೊಬಸ್ಟಾ ಕೊಯ್ಲು ಇನ್ನೂ ಅರ್ಧ ಬಾಕಿಯಿರುವಾಗ ಜನವರಿಯಲ್ಲೇ ಅಕಾಲದ ಮಳೆ ಬಂದರೆ, ಹಣ್ಣಿರುವ ರೆಂಬೆಯಲ್ಲೇ ಮೊಗ್ಗು ಅರಳುತ್ತದೆ. ಕೊಯ್ಯಲು ಹೋದರೆ ಮುಂದಿನ ವರ್ಷದ ಫಸಲು ಉದುರುತ್ತದೆ, ಬಿಟ್ಟರೆ ಈ ವರ್ಷದ್ದು ನೆಲಕ್ಕೆ ಬೀಳುತ್ತದೆ. ಕಣದಲ್ಲಿ ಹರವಿದ ಕಾಫಿ ಬೇರೆ ನೆನೆಯುತ್ತಿರುತ್ತದೆ. ಅಂಥ ವಾರದಲ್ಲಿ ಮದುವೆ ಗೊತ್ತಾಗಿರುವ ಹುಡುಗಿ, ಸಾಲ ಮುಚ್ಚಿಟ್ಟಿರುವ ಹುಡುಗ, ಬೇರೆ ತೋಟದಲ್ಲಿ ಕೂಲಿ ಹೆಚ್ಚೆಂದು ಹೊರಟುನಿಂತ ಆಳುಗಳು, ಹುಡುಗ ಹುಡುಗಿ ಇಬ್ಬರನ್ನೂ ಚಿಕ್ಕಂದಿನಿಂದ ಬಲ್ಲ, ತೋಟದ ಲೆಕ್ಕ ಬರೆಯುವ ರೈಟರ್ ಒಂದು ಕಣದಲ್ಲಿ ನಿಂತರೆ ಪ್ರೇಮಕ್ಕೆ ಮಂಜಿನ ಹಂಗೇ ಬೇಕಿಲ್ಲ.

ವೈಜ್ಞಾನಿಕ ಕಾದಂಬರಿಯ ಬಗ್ಗೆ ನನ್ನ ನಿರೀಕ್ಷೆ ಹೆಚ್ಚಿತ್ತು, ಏಕೆಂದರೆ ತೇಜಸ್ವಿಯವರ ‘ಕರ್ವಾಲೋ’ ಓದಿದ ಕನ್ನಡಿಗರು ವಿಸ್ಮಯದ ದಾರಿ ಜೇನುಪೆಟ್ಟಿಗೆಯಿಂದಲೇ ಶುರುವಾಗಬಹುದೆಂಬುದನ್ನು ಬಲ್ಲರು. ಹೊಸ ಪುಸ್ತಕದ ವಿಜ್ಞಾನಿಗಳು ಮಾತ್ರ ಒಬ್ಬರಿಗೊಬ್ಬರು ಪಾಠ ಹೇಳುತ್ತಾ ಕೂರುತ್ತಾರೆ. ಕೊಡಗಿನ ಬೆಳೆಗಾರರ ಮನೆಗಳಲ್ಲಿ ಅಜ್ಜನ ಕಾಲದಿಂದ ದಿನದಿನದ ಮಳೆಯನ್ನು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಟ್ಟ ಪುಸ್ತಕಗಳಿವೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ ಮೇಲೆ ಆ ಪುಸ್ತಕಗಳನ್ನು ನಾವು ಬೇರೆ ಕಣ್ಣಿನಿಂದ ನೋಡುತ್ತಿದ್ದೇವೆ. ಒಂದು ವೈಜ್ಞಾನಿಕ ಕಥೆ ಅಲ್ಲಿಂದಲೇ ಹುಟ್ಟಬಹುದು: ನಾಳೆಯ ದಿನಾಂಕದ ಎದುರು ಅಜ್ಜನ ಅಕ್ಷರದಲ್ಲಿ ಇಂದೇ ಒಂದು ಅಂಕಿ ಕಂಡರೆ ಮನೆಯವರು ಏನು ಮಾಡಬೇಕು? ಬರೆಯುವ ಶಕ್ತಿ ನನಗಿಲ್ಲ, ಬೇಕಾದವರು ತೆಗೆದುಕೊಳ್ಳಬಹುದು.

ಆದರೂ ಈ ಮೂರು ಪುಸ್ತಕಗಳಲ್ಲಿ ನಾನು ಗುರುತು ಹಾಕಿಟ್ಟುಕೊಂಡ ಒಂದೇ ಅಧ್ಯಾಯ ಇದೇ ವೈಜ್ಞಾನಿಕ ಕಾದಂಬರಿಯದು. ಅದರಲ್ಲಿ ಪಕ್ಕದ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರದ ಒಬ್ಬ ನೌಕರ ರಾತ್ರಿಪಾಳಿಯಲ್ಲಿ ಒಂಟಿಯಾಗಿ ಕುಳಿತು, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ತನ್ನ ಜಾಗದಿಂದ ತುಸು ತುಸುವೇ ಸರಿಯುತ್ತಿರುವ ಉಪಗ್ರಹವನ್ನು ಸ್ವಸ್ಥಾನಕ್ಕೆ ತರುತ್ತಾನೆ. ಏನೂ ಸ್ಫೋಟಿಸುವುದಿಲ್ಲ, ಅಂಕಿಗಳನ್ನು ನೋಡುತ್ತಾನೆ, ದಾಖಲೆ ಪುಸ್ತಕದಲ್ಲಿ ಬರೆಯುತ್ತಾನೆ, ಇರುವ ಇಂಧನದಲ್ಲಿ ಇನ್ನೆಷ್ಟು ವರ್ಷ ಹೀಗೆ ಹಿಡಿದಿಡಬಹುದೆಂದು ಲೆಕ್ಕ ಹಾಕುತ್ತಾನೆ, ನಡುವೆ ಆಸ್ಪತ್ರೆಯಲ್ಲಿರುವ ತಾಯಿಯ ನೆನಪಾಗಿ ಗಡಿಯಾರ ನೋಡುತ್ತಾನೆ. ಅಪ್ಪ ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಎರಡನೆಯ ಸಲ ಮುಗಿದ ಮೇಲೆ, ಅವನು ಮುಂದಿನ ಪಾಳಿಯವನಿಗೆ ಚಾರ್ಜು ಒಪ್ಪಿಸಿಯೇ ಆಸ್ಪತ್ರೆಗೆ ಹೊರಟನಷ್ಟೇ ಎಂದು ಕೇಳಿ ಖಚಿತಪಡಿಸಿಕೊಂಡು ಮಲಗಿದರು.