ಒಂದೂವರೆ ಮೀಟರ್ ದೂರದ ಮಳೆ

ದೊಡ್ಡಪ್ಪನ ಮನೆ ಶಾಂತಳ್ಳಿ ಕಡೆ. ಮಳೆಗಾಲದಲ್ಲಿ ಅಲ್ಲಿ ಯಾರೂ ‘ಊಟ ಆಯ್ತಾ’ ಅಂತ ಕೇಳುವುದಿಲ್ಲ, ‘ನಿಮ್ಮಲ್ಲಿ ಎಷ್ಟು ಇಂಚು?’ ಅಂತಲೇ ಶುರು. ಪೇಪರಿನಲ್ಲಿ ಮಿಲಿಮೀಟರ್ ಬಂದು ಯಾವ ಕಾಲವಾಯಿತು. ಕೊಡಗಿನ ತೋಟಗಳಲ್ಲಿ ಮಳೆ ಇನ್ನೂ ಇಂಚು, ಸೆಂಟಿನಲ್ಲೇ ಬೀಳುತ್ತದೆ. ನೂರು ಸೆಂಟಿಗೆ ಒಂದು ಇಂಚು. ಆ ಲೆಕ್ಕವನ್ನು ದೊಡ್ಡಪ್ಪ 2001ರಿಂದ ಒಂದು ದಿನವೂ ಬಿಡದೆ ಬರೆದಿಟ್ಟಿರುವುದು ವಿಂಡೋಸ್ 98ರ ಕಂಪ್ಯೂಟರಿನಲ್ಲಿ. ಬೂಷ್ಟು ಹಿಡಿಯದಿರಲೆಂದು ಅದರ ಪಕ್ಕ ಸದಾ 60 ವ್ಯಾಟಿನ ಬಲ್ಬು ಉರಿಯುತ್ತದೆ. ಡಬ್ಬದಂಥ ಮಾನಿಟರಿನ ಮೇಲೆ ಬೆಚ್ಚಗೆ ಬೆಕ್ಕು. ಬಾಲ ಇಳಿಬಿಟ್ಟಿತೆಂದರೆ ಮಾರ್ಚ್ ತಿಂಗಳು ಕಾಣುವುದಿಲ್ಲ.

“ಆ ಫೈಲನ್ನು ನನ್ನ ಲ್ಯಾಪ್‌ಟಾಪಿಗೆ ಹಾಕ್ಕೊಳ್ತೇನೆ ದೊಡ್ಡಪ್ಪ, ಹತ್ತೇ ನಿಮಿಷ” ಅಂದೆ. ಅಂದು ಮಂಗಳವಾರ.

ಫ್ಲಾಪಿಯ ತಗಡು ಸರಿಸಿದರೆ ಒಳಗಿನ ಕಪ್ಪು ಬಿಲ್ಲೆಯ ಮೇಲೆ ಬೂಷ್ಟು ಹೂಬಿಟ್ಟಿತ್ತು. ಪೆನ್‌ಡ್ರೈವ್ ಚುಚ್ಚಿದರೆ ವಿಂಡೋಸ್ 98 ಅದನ್ನು ಗುರುತಿಸುವ ತಂತ್ರಾಂಶ, ಅಂದರೆ ಡ್ರೈವರ್ ಕೇಳಿತು. ಡ್ರೈವರಿನ ಸಿಡಿಯನ್ನು ಯಾರೋ ಕಾಗೆ ಓಡಿಸಲು ಗಿಡಕ್ಕೆ ಕಟ್ಟಿದ್ದರು. ಕೊನೆಗೆ ಎರಡನ್ನೂ ಜೋಡಿಸಲು ಒಂದೂವರೆ ಮೀಟರಿನ ಲ್ಯಾನ್ ಕೇಬಲ್ ಹಿಡಿದೆ. ಹಳೆಯದರಲ್ಲಿ 10 ಎಂಬಿಪಿಎಸ್ ನೆಟ್‌ವರ್ಕ್ ಕಾರ್ಡು ಇತ್ತು, ಪುಣ್ಯ. ಎರಡಕ್ಕೂ ಐಪಿ ವಿಳಾಸ ಕೊಟ್ಟು, ‘ಇದ್ದೀಯಾ?’ ಎಂದು ಪಿಂಗ್ ಮಾಡಿದೆ. ಓಗೊಟ್ಟಿತು! ನಾನು ಕೂಗಿದ ಕೂಗಿಗೆ ಬೆಕ್ಕು ಎದ್ದು ಹೋಯಿತು.

ಓಗೊಡುವುದು ಬೇರೆ, ಒಳಗೆ ಕರೆದು ಕಾಫಿ ಕೊಡುವುದು ಬೇರೆ. ಜೋಡಿಸಿದ ಕಂಪ್ಯೂಟರುಗಳನ್ನು ತೋರಿಸುವ, ಹಳೆಯದರ ‘ನೆಟ್‌ವರ್ಕ್ ನೇಬರ್‌ಹುಡ್’ ತೆರೆದರೆ ಹಳೆಯದೊಂದೇ ಕೂತಿತ್ತು, ನನ್ನ ಲ್ಯಾಪ್‌ಟಾಪಿಲ್ಲ.

“ನೇಬರ್‌ಹುಡ್ ಅಂದ್ರೆ ನೆರೆಕರೆ ಅಲ್ವಾ? ನಮಗೂ ನೆರೆಮನೆ ಗುಡ್ಡದ ಆಚೆ ಮಾರಾಯ. ಕಾಣಲ್ಲ ಅಂದ್ರೆ ಇಲ್ಲ ಅಂತ ಅಲ್ಲ” ಎಂದರು ದೊಡ್ಡಪ್ಪ.

ಸಂಗತಿ ಏನೆಂದರೆ, ಹಳೆಯದು ಫೈಲು ಹಂಚಿಕೊಳ್ಳುವುದು ಎಸ್‌ಎಂಬಿ-1 ಎಂಬ ಭಾಷೆಯಲ್ಲಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪೀಡೆ ಆ ಭಾಷೆಯ ಕಂಡಿಯಲ್ಲೇ ನುಗ್ಗಿ ಜಗತ್ತಿನ ಕಂಪ್ಯೂಟರುಗಳಿಗೆ ಬೀಗ ಜಡಿಯಿತು. ಅದೇ ವರ್ಷದ ಅಕ್ಟೋಬರಿನ ವಿಂಡೋಸ್ 10 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತಾನಾಗಿ ಹಾಕುವುದನ್ನೇ ಬಿಟ್ಟಿತು. ನನ್ನ ಲ್ಯಾಪ್‌ಟಾಪಿನಲ್ಲೂ ಅದಿಲ್ಲ. ಹುಡುಕಿ ಹಾಕಿಕೊಳ್ಳಬಹುದು, ನನಗೆ ಧೈರ್ಯ ಬರಲಿಲ್ಲ.

“ಕಳ್ಳನೊಬ್ಬ ನಮ್ಮ ಭಾಷೆ ಆಡಿದ ಅಂತ ಆ ಭಾಷೆಯವರಿಗೆಲ್ಲ ಗೇಟು ಹಾಕೋದಾ?” ದೊಡ್ಡಪ್ಪನ ಪ್ರಶ್ನೆ. ಅಷ್ಟರಲ್ಲಿ ಲೈನಿನ ಮೇಲೆ ಮರ ಬಿತ್ತು. ಬುಧವಾರ, ಗುರುವಾರ ಕರೆಂಟಿಲ್ಲ.

ಶುಕ್ರವಾರ ಎಫ್‌ಟಿಪಿ ನೆನಪಾಯಿತು, ಫೈಲು ಸಾಗಿಸುವ ಹಳೇ ದಾರಿ. ವಿಂಡೋಸ್ 98ರ ಕಪ್ಪು ಪರದೆಯಲ್ಲಿ ಅದು ಮೊದಲಿಂದಲೂ ಇದೆ. ಲ್ಯಾಪ್‌ಟಾಪಿನಲ್ಲಿ ಸರ್ವರ್ ಎಬ್ಬಿಸಿ, ಫೈರ್‌ವಾಲಿನ ಕಾಲು ಹಿಡಿದು, ಫೈಲು ಕಳಿಸಿದೆ. ಎಕ್ಸೆಲ್ ಅದನ್ನು ನೋಡಿ ‘ಕೆಟ್ಟಿದೆ’ ಅಂದಿತು. ಮೊದಲೇ ‘ಬೈನರಿ’ ಎಂದು ಟೈಪ್ ಮಾಡಬೇಕಿತ್ತು. ಮಾಡದಿದ್ದರೆ ಎಫ್‌ಟಿಪಿ ಎಲ್ಲವನ್ನೂ ಬರೀ ಅಕ್ಷರ ಎಂದುಕೊಂಡು ಸಾಲಿನ ಕೊನೆಗಳಲ್ಲಿ ಕೈಯಾಡಿಸುತ್ತದೆ. ಎರಡನೇ ಸಲ ‘ಬೈನರಿ’ ಅಂದೆ. ಒಂದು ಫ್ಲಾಪಿಯೂ ತುಂಬದ ಫೈಲು ನಾಲ್ಕನೇ ದಿನಕ್ಕೆ ಒಂದೂವರೆ ಮೀಟರ್ ದಾಟಿ ಬಂತು.

ಅಂಕಿಗಳೆಲ್ಲ ಸರಿ. ಷರಾ ಕಾಲಂ ಮಾತ್ರ ‘ನುಡಿ’ ಎಂಬ ಹಳೇ ಕನ್ನಡ ಫಾಂಟಿನದು. ನನ್ನಲ್ಲಿ ಆ ಫಾಂಟಿಲ್ಲದೆ, ತಲೆಗೆ ಟೋಪಿ, ಬುಡಕ್ಕೆ ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಜಾತ್ರೆ. ದೊಡ್ಡಪ್ಪ ಕನ್ನಡಕ ಏರಿಸಿ, ತಾರೀಕು ನೋಡಿ, ನಿಧಾನ ಓದತೊಡಗಿದರು: “ಇದು ಸೇತುವೆ ಮುಳುಗಿದ್ದು... ಇದು ಕೆಂಪಿ ಕರು ಹಾಕಿದ್ದು...”

ಶನಿವಾರ ಬೆಳಗ್ಗೆ ಕೊಡೆ ಮಡಚಿ ಒಳಗೆ ಬಂದವರೇ ಹಳೇ ಕಂಪ್ಯೂಟರಿನ ಮುಂದೆ ಕೂತು ಒದ್ದೆ ಬೆರಳಲ್ಲಿ ಕುಟ್ಟಿದರು: ಮೂರು ಇಂಚು ನಲವತ್ತು.

“ದೊಡ್ಡಪ್ಪ, ಇನ್ನು ಲ್ಯಾಪ್‌ಟಾಪಲ್ಲೇ ಬರೀಬಹುದಲ್ಲ?”

“ಅದನ್ನ ನೀನು ತಗೊಂಡು ಹೋಗ್ತೀಯಲ್ಲ ಮಾರಾಯ. ಮಳೆ ಬೀಳೋದು ಇಲ್ಲಿ ತಾನೆ?”

ಸುತ್ತಿಟ್ಟಿದ್ದ ಕೇಬಲನ್ನು ಮತ್ತೆ ಬಿಚ್ಚಿದೆ.